ಶಾಟ್‌ಗನ್ ಹಿಡಿದು ಮೊದಲ ಜಿಂಕೆ ಬೇಟೆ: ಕೋವಿಗಿಂತ ಮೊದಲು ದೂರವನ್ನು ತಿಳಿಯಿರಿ

ಪ್ರಶ್ನೆ: ನಾನು ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಪಟ್ಟಣದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದೇನೆ. ನನ್ನ ಸಹೋದ್ಯೋಗಿಯ ಕುಟುಂಬಕ್ಕೆ ಮುಸುಕಿನ ಜೋಳ ಮತ್ತು ಸೋಯಾ ಬೆಳೆಯುವ ಜಮೀನಿದ್ದು, ಈ ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಬರುವಂತೆ ಅವರು ಕರೆದಿದ್ದಾರೆ. ಅವರ ಬಳಿ ಇರುವ ಹಳೆಯ ಪಂಪ್ ಶಾಟ್‌ಗನ್ (ಮುಂಗೈಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಕೋವಿ) ಒಂದನ್ನು ನನಗೆ ಕೊಡುತ್ತಾರಂತೆ. ನಾನು ಇದುವರೆಗೆ ಕೋವಿ ಮುಟ್ಟಿದವನಲ್ಲ. ಯಾವ ತೋಟಾ ಬಳಸಬೇಕು, ಎಷ್ಟು ದೂರದಿಂದ ಹೊಡೆಯಬಹುದು, ಎಲ್ಲಿಂದ ಶುರು ಮಾಡಬೇಕು, ಈ ವರ್ಷವೇ ಹೋಗುವುದು ಸರಿಯೇ ಎಂಬುದನ್ನು ವಿವರವಾಗಿ ತಿಳಿಸುವಿರಾ?

ಉತ್ತರ: ನೀವು ಕೇಳಿರುವ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದೇ, ಅಂದರೆ ದೂರದ ಪ್ರಶ್ನೆಯೇ ಉಳಿದ ಮೂರಕ್ಕೂ ಬುಡ. ಶಾಟ್‌ಗನ್ನಿನಿಂದ ಜಿಂಕೆ ಹೊಡೆಯುವುದು ಹತ್ತಿರದ ಬೇಟೆ. ರೈಫಲ್ ಹಿಡಿದವರು ಇನ್ನೂರು ಗಜದಾಚೆಯ ಜಿಂಕೆಯನ್ನು ನೋಡಿ ಲೆಕ್ಕ ಹಾಕುವಲ್ಲಿ, ನೀವು ಐವತ್ತು ಗಜದೊಳಗೆ ಬರುವ ಜಿಂಕೆಗಾಗಿ ಕಾದು ಕುಳಿತಿರುತ್ತೀರಿ. ಇದನ್ನು ಕೊರತೆಯೆಂದು ಭಾವಿಸುವವರು ಮೊದಲ ಋತುವಿನಲ್ಲಿಯೇ ಜಿಂಕೆಯನ್ನು ಗಾಯಗೊಳಿಸಿ ಕಳೆದುಕೊಳ್ಳುತ್ತಾರೆ. ಇದೇ ಈ ಬೇಟೆಯ ಸ್ವಭಾವ ಎಂದು ಒಪ್ಪಿಕೊಂಡವರಿಗೆ ಕೋವಿ, ತೋಟಾ, ಕೂರುವ ಜಾಗ ಎಲ್ಲವೂ ತಾವಾಗಿಯೇ ನಿಶ್ಚಯವಾಗುತ್ತ ಹೋಗುತ್ತವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಶಿಕ್ಷಾರ್ಹ ಅಪರಾಧ. ಇಲ್ಲಿ ಬರೆದಿರುವುದೆಲ್ಲ ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ, ಅಮೆರಿಕದ ನೆಲದಲ್ಲಿ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರಿಗೆ ಮಾತ್ರ ಅನ್ವಯಿಸುತ್ತದೆ.

ನಿಮ್ಮ ವಿಷಯದಲ್ಲಿ ಕೋವಿಗಿಂತ ಮೊದಲು ಕಾಗದಪತ್ರ ಬರುತ್ತದೆ. ಇದನ್ನು ನಿಮ್ಮ ಸಹೋದ್ಯೋಗಿ ಯೋಚಿಸಿರುವ ಸಾಧ್ಯತೆ ಕಡಿಮೆ, ಏಕೆಂದರೆ ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಈ ತೊಡಕು ಎದುರಾಗುವುದೇ ಇಲ್ಲ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆ ನಿಷೇಧಕ್ಕೆ ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ ಬೇಟೆ ಪರವಾನಗಿಯನ್ನು ಹೊಂದಿರುವುದು. ಹೀಗಾಗಿ ನಿಮ್ಮ ಮಟ್ಟಿಗೆ ಬೇಟೆ ಪರವಾನಗಿಯೆಂದರೆ ಜಿಂಕೆ ಹೊಡೆಯುವ ಅನುಮತಿ ಮಾತ್ರವಲ್ಲ, ಕೋವಿಯನ್ನು ಕೈಗೆತ್ತಿಕೊಳ್ಳುವ ಅನುಮತಿಯೂ ಹೌದು. ‘ಕೋವಿ ನನ್ನದಲ್ಲ, ಸ್ನೇಹಿತರದು’ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಕೋವಿ ನಿಮ್ಮ ಕೈಯಲ್ಲಿ, ನಿಮ್ಮ ಹತೋಟಿಯಲ್ಲಿ ಇದ್ದರೆ ಕಾನೂನಿನ ಕಣ್ಣಿಗೆ ಅದು ನಿಮ್ಮ ಬಳಿ ಇದ್ದಂತೆಯೇ. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ ಎಂಬುದನ್ನು ಮರೆಯಬೇಡಿ. ಕಪಾಟಿನ ಮೂಲೆಯಲ್ಲಿ ಉಳಿದ ಅರ್ಧ ಡಬ್ಬಿ ತೋಟಾ ಕೂಡ ಆಗ ತಪ್ಪಾಗುತ್ತದೆ. ವೀಸಾದ ಪ್ರಶ್ನೆ ಬೆರೆತಿರುವುದರಿಂದ, ಗುರಿ ಅಭ್ಯಾಸಕ್ಕೆ ಹೋಗುವ ಮೊದಲೇ ವಲಸೆ ವಕೀಲರೊಬ್ಬರಿಗೆ ಒಂದು ಮಾತು ಕೇಳಿಬಿಡುವುದು ಜಾಣತನ.

ಇಲಿನಾಯ್‌ನಲ್ಲಿ ನೆಲೆಸಿರುವವರಿಗೆ ಇದರ ಜೊತೆಗೆ ಫಾಯ್ಡ್ ಕಾರ್ಡ್, ಅಂದರೆ ಕೋವಿ ಹೊಂದುವವರ ಗುರುತಿನ ಚೀಟಿಯೂ ಬೇಕು. 1980ರ ಜನವರಿ 1ರಂದು ಅಥವಾ ಆ ನಂತರ ಹುಟ್ಟಿದವರು ಬೇಟೆ ಪರವಾನಗಿ ಪಡೆಯಲು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಆದ್ದರಿಂದ ನಿಮ್ಮ ಕ್ರಮ ಹೀಗಿರಲಿ: ಮೊದಲು ತರಬೇತಿ, ನಂತರ ಪರವಾನಗಿ, ಆಮೇಲೆ ಫಾಯ್ಡ್ ಕಾರ್ಡ್, ಕೊನೆಗೆ ಕೋವಿ. ಪರವಾನಗಿಯ ಹೊರತಾಗಿ ಜಿಂಕೆಗೆ ಬೇರೆಯೇ ಪರ್ಮಿಟ್ ಇದೆ. ಅದನ್ನು ಕೌಂಟಿವಾರು, ಅಂದರೆ ಜಿಲ್ಲಾವಾರು ಲಾಟರಿಯ ಮೂಲಕ ಹಂಚುತ್ತಾರೆ; ಉಳಿದದ್ದನ್ನು ಅಕ್ಟೋಬರ್ ಹೊತ್ತಿಗೆ ಪರವಾನಗಿ ಮಾರುವ ಅಂಗಡಿಗಳಲ್ಲಿ ನೇರವಾಗಿ ಕೊಡುತ್ತಾರೆ. ಕೋವಿಯ ಋತು ತೀರ ಚಿಕ್ಕದು. ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ವಾರಾಂತ್ಯದಲ್ಲಿ ಮೂರು ದಿನ, ಹಬ್ಬ ಕಳೆದ ಮುಂದಿನ ವಾರ ನಾಲ್ಕು ದಿನ, ಅಷ್ಟೇ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ವರ್ಷ ಹೊರತರುವ ಬೇಟೆ ಕೈಪಿಡಿಯ ಆ ವರ್ಷದ ಪ್ರತಿಯನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿ.

ಶಾಟ್‌ಗನ್ನೇ ಏಕೆ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಮೂಡಿರಬಹುದು. ಇಲಿನಾಯ್, ಅಯೋವಾ, ಇಂಡಿಯಾನಾ, ಒಹಾಯೋಗಳಂತಹ ಸಪಾಟು ಕೃಷಿ ನಾಡಿನಲ್ಲಿ ಗುಂಡನ್ನು ತಡೆಯಲು ಗುಡ್ಡಗಳಿಲ್ಲ, ಮನೆಗಳು ಅಲ್ಲಲ್ಲಿ ಹರಡಿಕೊಂಡಿವೆ. ರೈಫಲ್ ಗುಂಡಿಗಿಂತ ಶಾಟ್‌ಗನ್ ಗುಂಡು ಬೇಗ ವೇಗ ಕಳೆದುಕೊಳ್ಳುತ್ತದೆಂಬ ಕಾರಣಕ್ಕೆ ಈ ರಾಜ್ಯಗಳು ದಶಕಗಳ ಕಾಲ ಜಿಂಕೆ ಬೇಟೆಗೆ ರೈಫಲ್ಲನ್ನು ದೂರವಿಟ್ಟವು. ಆ ಬೇಲಿ ಈಗ ಸಡಿಲವಾಗುತ್ತಿದೆ. ಒಹಾಯೋ 2014ರಲ್ಲಿ ನೇರ ಗೋಡೆಯ (ಮುಂದೆ ಕತ್ತಿನಂತೆ ಕಿರಿದಾಗದ) ತೋಟಾ ಬಳಸುವ ರೈಫಲ್‌ಗಳಿಗೆ ಅವಕಾಶ ಕೊಟ್ಟಿತು, ಇಲಿನಾಯ್ 2023ರಿಂದ ಒಂದೇ ಈಡಿನ ಕೆಲವು ರೈಫಲ್‌ಗಳನ್ನು ಒಪ್ಪಿತು. ಆದರೂ ಹೊಲದಂಚಿನ ಕಿರುಗಾಡಿನಲ್ಲಿ ಶಾಟ್‌ಗನ್ ಇಂದಿಗೂ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಶಾಟ್‌ಗನ್ ಗುಂಡು ಸುರಕ್ಷಿತ ಎಂದು ಮಾತ್ರ ತಿಳಿಯಬೇಡಿ. ಅದು ಅರ್ಧ ಮೈಲಿ ಹೋಗಬಲ್ಲದು. ಪೆನ್ಸಿಲ್ವೇನಿಯಾದ ಶಾಸನ ಸಭೆಗಾಗಿ 2007ರಲ್ಲಿ ನಡೆದ ಒಂದು ಅಧ್ಯಯನವು, ನೆಲಕ್ಕೆ ಸಮಾನಾಂತರವಾಗಿ ಹೊಡೆದಾಗ ಶಾಟ್‌ಗನ್ನಿನ ಭಾರವಾದ ಗುಂಡು ನೆಲಕ್ಕೆ ಬಡಿದು ಚಿಮ್ಮಿ ರೈಫಲ್ ಗುಂಡಿಗಿಂತಲೂ ಮುಂದಕ್ಕೆ ಹೋಗಬಹುದೆಂದು ತೋರಿಸಿತು. ಜಿಂಕೆಯ ಹಿಂದೆ ಮಣ್ಣಿನ ದಿಬ್ಬವೋ ಇಳಿಜಾರೋ ಕಾಣದಿದ್ದರೆ ಟ್ರಿಗರ್ ಒತ್ತಬಾರದು ಎನ್ನುವುದು ಇದಕ್ಕಾಗಿಯೇ.

ಈಗ ತೋಟಾದ ವಿಷಯ. ಶಾಟ್‌ಗನ್ ಎಂದೊಡನೆ ಚರೆ ನೆನಪಾಗುವುದು ಸಹಜ. ದಪ್ಪ ಚರೆಯ ತೋಟಾ, ಅಂದರೆ ಬಕ್‌ಶಾಟ್, ಕೆಲವು ರಾಜ್ಯಗಳಲ್ಲಿ ಜಿಂಕೆಗೆ ಬಳಕೆಯಲ್ಲಿದೆ. ಅದರಲ್ಲಿ ‘ಡಬಲ್ ಆಟ್’ ಎಂಬ ಬಗೆಯ ಎರಡೂ ಮುಕ್ಕಾಲು ಇಂಚಿನ ತೋಟಾದಲ್ಲಿ ತಲಾ 8.4 ಮಿಲಿಮೀಟರ್ ದಪ್ಪದ ಒಂಬತ್ತು ಚರೆಗಳಿರುವುದು ವಾಡಿಕೆ. ಮೂವತ್ತು ಗಜ ದಾಟಿದರೆ ಅವು ಚದುರಿ, ಒಂದೆರಡು ಮಾತ್ರ ಮೈಗೆ ತಾಗಿ, ಜಿಂಕೆ ನರಳುತ್ತ ಓಡಿಹೋಗುವಂತಾಗುತ್ತದೆ. ಇಲಿನಾಯ್ ಇದನ್ನು ಒಪ್ಪುವುದಿಲ್ಲ, ಜಿಂಕೆಗೆ ಒಂಟಿ ಗುಂಡೇ ಆಗಬೇಕು. ಒಪ್ಪುವ ರಾಜ್ಯದಲ್ಲಿದ್ದರೂ ಹೊಸಬರಿಗೆ ನಾನು ಅದನ್ನು ಹೇಳುತ್ತಿರಲಿಲ್ಲ. ಈ ಒಂಟಿ ಗುಂಡನ್ನೇ ಸ್ಲಗ್ ಎನ್ನುತ್ತಾರೆ.

ಸ್ಲಗ್‌ಗಳಲ್ಲಿ ನೀವು ತಿಳಿಯಬೇಕಾದುದು ಎರಡು ಬಗೆ. ಯಾವುದನ್ನು ಆರಿಸಬೇಕೆಂಬುದನ್ನು ನಿಮ್ಮ ಇಷ್ಟವಲ್ಲ, ಕೋವಿಯ ನಳಿಗೆ ನಿರ್ಧರಿಸುತ್ತದೆ. ಹಳೆಯ ಪಂಪ್ ಶಾಟ್‌ಗನ್ ಎಂದಿದ್ದೀರಿ, ಬಹುಶಃ ಅದರ ನಳಿಗೆಯ ಒಳಮೈ ನುಣುಪಾಗಿದ್ದು, ತುದಿಯಲ್ಲಿ ಗುರಿ ಹಿಡಿಯಲು ಒಂದು ಹಿತ್ತಾಳೆಯ ಮಣಿ ಇರುತ್ತದೆ. ನುಣುಪು ನಳಿಗೆಗೆ ಹೊಂದುವುದು ‘ರೈಫಲ್ಡ್ ಸ್ಲಗ್’ ಎಂದು ಡಬ್ಬಿಯ ಮೇಲೆ ಬರೆದಿರುವ ಸೀಸದ ಗುಂಡು. ಹೆಸರು ಕೇಳಿ ಮೋಸಹೋಗಬೇಡಿ. ಅದರ ಮೈಮೇಲಿನ ಓರೆ ಗೀರುಗಳಿಂದ ಗುಂಡು ಹೇಳಿಕೊಳ್ಳುವಷ್ಟು ತಿರುಗುವುದಿಲ್ಲ, ನಳಿಗೆಯ ತುದಿಯ ಇಕ್ಕಟ್ಟಿನಲ್ಲಿ ಅದುಮಿಕೊಂಡು ಹೊರಬರಲು ಅವು ನೆರವಾಗುತ್ತವೆ, ಅಷ್ಟೇ. ಅಮೆರಿಕದ ಕಾರ್ಲ್ ಫಾಸ್ಟರ್ 1931ರಲ್ಲಿ ರೂಪಿಸಿದ ಈ ಗುಂಡಿನ ಹಿಂಭಾಗ ಟೊಳ್ಳು, ಭಾರವೆಲ್ಲ ಮುಂದೆ. ಶಟಲ್ ಕಾಕ್ ಹೇಗೆ ಭಾರವಾದ ಮೂತಿಯನ್ನು ಮುಂದೆ ಮಾಡಿಕೊಂಡು ಹಾರುತ್ತದೆಯೋ ಇದೂ ಹಾಗೆಯೇ ನೇರವಾಗಿ ಹೋಗುತ್ತದೆ. ಅದಕ್ಕೂ ಮೊದಲೇ, 1898ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಬ್ರೆನ್ನೆಕೆ ಗಟ್ಟಿ ಗುಂಡಿನ ಹಿಂದೆ ಹಗುರವಾದ ಬಿರಡೆ ಜೋಡಿಸಿ ಅದೇ ಫಲ ಪಡೆದಿದ್ದರು. ಎರಡೂ ಇಂದಿಗೂ ಮಾರಾಟದಲ್ಲಿವೆ, ಎರಡೂ ನಿಮ್ಮ ಕೆಲಸಕ್ಕೆ ಆದೀತು.

ಎರಡನೆಯ ಬಗೆ ಸೇಬೊ ಸ್ಲಗ್. ನಳಿಗೆಗಿಂತ ಸಣ್ಣದಾದ ಗುಂಡನ್ನು ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂರಿಸಿರುತ್ತಾರೆ. ಒಳಮೈಯಲ್ಲಿ ಸುರುಳಿ ಗೆರೆ ಕೊರೆದ ನಳಿಗೆ ಆ ತೊಟ್ಟಿಲನ್ನು ಹಿಡಿದು ತಿರುಗಿಸುತ್ತದೆ, ಹೊರಬಂದೊಡನೆ ತೊಟ್ಟಿಲು ಕಳಚಿ ಗುಂಡು ಗಿರಗಿರನೆ ತಿರುಗುತ್ತ ಮುಂದೆ ಸಾಗುತ್ತದೆ. ದುರ್ಬೀನು ಕೂರಿಸಿದ ಸುರುಳಿ ನಳಿಗೆಯಲ್ಲಿ ಇದು ನೂರು ಗಜ, ನುರಿತವರ ಕೈಯಲ್ಲಿ ನೂರೈವತ್ತು ಗಜದವರೆಗೂ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಆದರೆ ಇದನ್ನೇ ನುಣುಪು ನಳಿಗೆಗೆ ತುಂಬಿದರೆ ತಿರುಗಿಸುವವರಿಲ್ಲದೆ ಗುಂಡು ಗಾಳಿಯಲ್ಲಿ ಲಾಗ ಹಾಕುತ್ತ ಹೋಗುತ್ತದೆ. ಡಬ್ಬಿಗೆ ದುಬಾರಿ ಬೆಲೆ ಕೊಟ್ಟ ಮಾತ್ರಕ್ಕೆ ಒಳ್ಳೆಯ ಗುಂಡೆಂದು ಭಾವಿಸಿ ಈ ತಪ್ಪು ಮಾಡುವವರನ್ನು ಗುರಿ ಮೈದಾನದಲ್ಲಿ ಪ್ರತಿ ಅಕ್ಟೋಬರ್‌ನಲ್ಲೂ ಕಾಣುತ್ತೇನೆ.

ನಳಿಗೆಯ ತುದಿಯಲ್ಲಿ ತಿರುಪಿ ಕೂರಿಸುವ ಚೋಕ್, ಅಂದರೆ ಬಾಯಿಯನ್ನು ಇಕ್ಕಟ್ಟು ಮಾಡುವ ಕೊಳವೆ ಇದ್ದರೆ, ರೈಫಲ್ಡ್ ಸ್ಲಗ್‌ಗೆ ಸಿಲಿಂಡರ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಎಂಬ ಸಡಿಲವಾದದ್ದನ್ನೇ ಹಾಕಿ. ಟರ್ಕಿ ಕೋಳಿ ಹೊಡೆಯಲು ಹಾಕಿದ್ದ ಬಿಗಿಯಾದ ಫುಲ್ ಚೋಕ್ ಹಾಗೆಯೇ ಉಳಿದಿದೆಯೇ ಎಂದು ಕೋವಿ ಕೊಡುವವರನ್ನು ಕೇಳಿ, ಕಣ್ಣಾರೆ ನೋಡಿ.

ಗೇಜ್ ಬಗ್ಗೆ ಹೊಸಬರಲ್ಲಿ ಗೊಂದಲ ಸಾಮಾನ್ಯ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗೋಲಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆ ಎಂಬ ಹಳೆಯ ಲೆಕ್ಕವದು, ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಬಾಯಿ ಸಣ್ಣದು. ಹನ್ನೆರಡು ಗೇಜಿನ ಬಾಯಿ ಸುಮಾರು 18.5 ಮಿಲಿಮೀಟರ್, ಇಪ್ಪತ್ತು ಗೇಜಿನದು 15.6. ಹನ್ನೆರಡೇ ಗಂಡಸರ ಕೋವಿ ಎಂಬ ಒಣಜಂಬ ಬೇಟೆಗಾರರಲ್ಲಿ ಉಂಟು. ನನ್ನ ಅಭಿಪ್ರಾಯ ಬೇರೆ. ಐವತ್ತು ಗಜದ ಜಿಂಕೆಗೆ ಇಪ್ಪತ್ತು ಗೇಜ್ ಧಾರಾಳವಾಗಿ ಸಾಕು, ಮತ್ತು ಅದು ಕಡಿಮೆ ಒದೆಯುತ್ತದೆ. ಹನ್ನೆರಡು ಗೇಜಿನ ಒಂದು ಔನ್ಸ್ ಸ್ಲಗ್, ಅಂದರೆ 28 ಗ್ರಾಂ ಸೀಸ, ಸೆಕೆಂಡಿಗೆ 1,600 ಅಡಿಯ ಆಸುಪಾಸಿನ ವೇಗದಲ್ಲಿ ಹೊರಟಾಗ ಅದರ ಪೆಟ್ಟು ನಿಮ್ಮ ಭುಜಕ್ಕೂ ತಿಳಿಯುತ್ತದೆ. ನೋವಿಗಿಂತ ಕೆಟ್ಟದ್ದು ಅದರ ನಂತರ ಬರುವ ಅಳುಕು. ಮುಂದಿನ ಈಡಿಗೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಒಂದು ಎಚ್ಚರಿಕೆ: ಎರಡು ಗೇಜಿನ ತೋಟಾಗಳು ಒಂದೇ ಜೇಬಿನಲ್ಲಿ ಎಂದಿಗೂ ಇರಬಾರದು. ಇಪ್ಪತ್ತು ಗೇಜಿನ ತೋಟಾ ಹನ್ನೆರಡರ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿಯೆಂದು ಹಿಂದಿನಿಂದ ಹನ್ನೆರಡರ ತೋಟಾ ತುಂಬಿ ಹೊಡೆದರೆ ನಳಿಗೆ ನಿಮ್ಮ ಕೈಯಲ್ಲೇ ಸಿಡಿಯುತ್ತದೆ. ಇಪ್ಪತ್ತರ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ಇಲಿನಾಯ್‌ನಲ್ಲಿ ಜಿಂಕೆ ಬೇಟೆಯ ಶಾಟ್‌ಗನ್ನಿಗೆ ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಸಬಾರದು. ತೋಟಾ ಕೊಳವೆಯೊಳಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯೊಂದನ್ನು ತೂರಿಸಿ ಜಾಗ ಕಡಿಮೆ ಮಾಡುತ್ತಾರೆ. ಹಳೆಯ ಕೋವಿಯನ್ನು ಬಿಚ್ಚಿ ಶುಚಿ ಮಾಡಿದವರು ಆ ಕಡ್ಡಿಯನ್ನು ಮರಳಿ ಹಾಕಿರುವುದಿಲ್ಲ, ಪರೀಕ್ಷಿಸಿಕೊಳ್ಳಿ.

ಇನ್ನು ಅಭ್ಯಾಸ. ನನ್ನ ಪ್ರಕಾರ ಹೊಸಬರ ಸಮಯದಲ್ಲಿ ಮುಕ್ಕಾಲು ಪಾಲು ಇಲ್ಲಿಗೇ ಸಲ್ಲಬೇಕು. ಮೊದಲ ದಿನ ಸ್ಲಗ್ ಬೇಡ. ಹಗುರವಾದ ಚರೆಯ ತೋಟಾದಿಂದ ಕೋವಿಯನ್ನು ಭುಜಕ್ಕೆ ತರುವುದು, ಪಂಪ್ ಎಳೆಯುವುದು, ಸುರಕ್ಷತಾ ಗುಂಡಿಯನ್ನು ಕಣ್ಣು ಹಾಯಿಸದೆ ತಡಕುವುದು ರೂಢಿಯಾಗಲಿ. ಕೋವಿ ಯಾವಾಗಲೂ ತುಂಬಿದೆಯೆಂದೇ ತಿಳಿಯಬೇಕು, ಮೂತಿ ಯಾರ ಕಡೆಗೂ ತಿರುಗಬಾರದು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನ ಹೊರಗೇ ಇರಬೇಕು; ತರಬೇತಿಯಲ್ಲಿ ಹೇಳಿಕೊಡುವ ಇವು ಮಂತ್ರದಂತೆ ಬಾಯಿಗೆ ಬಂದರೆ ಸಾಲದು, ಕೈಗೆ ಬರಬೇಕು.

ಎರಡನೆಯ ದಿನ ಕಾಗದದ ಗುರಿಯನ್ನು ಇಪ್ಪತ್ತೈದು ಗಜದಲ್ಲಿ ನಿಲ್ಲಿಸಿ, ಮರಳು ಚೀಲದ ಮೇಲೆ ಕೋವಿಯನ್ನು ಊರಿ, ಒಂದೇ ಡಬ್ಬಿಯ ಮೂರು ಸ್ಲಗ್ ನಿಧಾನವಾಗಿ ಹೊಡೆಯಿರಿ. ಮೂರು ತೂತುಗಳ ನಡುಬಿಂದು ಎಲ್ಲಿದೆಯೆಂದು ನೋಡಿ, ಗುರಿಗಣ್ಣನ್ನು ಅದಕ್ಕೆ ತಕ್ಕಂತೆ ಸರಿಸಿ, ಐವತ್ತು ಗಜಕ್ಕೆ ಹೋಗಿ. ಬರಿಯ ಮಣಿ ಇರುವ ಕೋವಿಯಲ್ಲಿ ಸರಿಸುವುದಕ್ಕೆ ಏನೂ ಇರುವುದಿಲ್ಲ, ಗುಂಡು ಎತ್ತ ಹೋಗುತ್ತದೆಂದು ಕಲಿತು ಅದನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಹಿಂದೆ ಕಚ್ಚು, ಮುಂದೆ ಗೂಟ ಇರುವ ಗುರಿಗಣ್ಣನ್ನೋ ಸಣ್ಣ ಕೆಂಪು ಚುಕ್ಕೆಯ ಗುರಿಯಂತ್ರವನ್ನೋ ಕೂರಿಸಲು ಕೋವಿಯ ಒಡೆಯರು ಒಪ್ಪಿದರೆ ತುಂಬ ಒಳ್ಳೆಯದು. ನಾನು ಶುರು ಮಾಡಿದ ವರ್ಷ ಮಣಿ ಇರುವ ಕೋವಿಯಲ್ಲೇ ಒಂದು ಕಂಪನಿಯ ಸ್ಲಗ್‌ಗಳಿಂದ ಅಭ್ಯಾಸ ಮಾಡಿ, ಬೇಟೆಯ ಹಿಂದಿನ ಸಂಜೆ ಅದು ಅಂಗಡಿಯಲ್ಲಿ ಸಿಗದೆ ಇನ್ನೊಂದನ್ನು ಕೊಂಡು ಹೋಗಿದ್ದೆ. ಮರುದಿನ ನಲವತ್ತು ಗಜದಲ್ಲಿ ಅಡ್ಡಲಾಗಿ ನಿಂತಿದ್ದ ಹೆಣ್ಣು ಜಿಂಕೆಯ ಹೊಟ್ಟೆಯ ಕೆಳಗಿನ ಒಣಹುಲ್ಲು ಹಾರಿತು, ಜಿಂಕೆ ನನ್ನನ್ನೊಮ್ಮೆ ನೋಡಿ ಬಾಲವೆತ್ತಿ ಹೋಯಿತು. ಆಮೇಲೆ ಕಾಗದದ ಮೇಲೆ ಹೊಡೆದು ನೋಡಿದರೆ ಎರಡು ಡಬ್ಬಿಯ ಗುಂಡುಗಳ ನಡುವೆ ಅಂಗೈಯಗಲದ ಅಂತರವಿತ್ತು. ಒಂದೇ ಕೋವಿ, ಒಂದೇ ತೂಕ, ಬೇರೆ ಡಬ್ಬಿ. ನಿಮ್ಮ ಕೋವಿ ಯಾವ ಸ್ಲಗ್ ಅನ್ನು ಮೆಚ್ಚುತ್ತದೆಂದು ಎರಡು ಮೂರು ಬಗೆ ಹೊಡೆದು ತಿಳಿದ ಮೇಲೆ, ಅದೇ ಬಗೆಯನ್ನು ಋತು ಮುಗಿಯುವವರೆಗೂ ಸಾಕಾಗುವಷ್ಟು ತೆಗೆದಿಟ್ಟುಕೊಳ್ಳಿ.

ಅಳುಕನ್ನು ಪತ್ತೆ ಹಚ್ಚಲು ಒಂದು ಸರಳ ಉಪಾಯವಿದೆ. ಜೊತೆಗಿರುವವರು ನಿಮಗೆ ತಿಳಿಯದಂತೆ ನಡುವೆ ಒಂದು ಡಮ್ಮಿ ತೋಟಾ ತುಂಬಲಿ. ಸದ್ದಿಲ್ಲದೆ ಕ್ಲಿಕ್ ಎಂದಾಗ ಮೂತಿ ಕೆಳಗೆ ಕುಕ್ಕಿದರೆ ತಪ್ಪು ಕೋವಿಯದಲ್ಲ. ದಿನಕ್ಕೆ ಹತ್ತು ಹನ್ನೆರಡು ಸ್ಲಗ್‌ಗಿಂತ ಹೆಚ್ಚು ಹೊಡೆಯದಿರುವುದೇ ಇದಕ್ಕೆ ಮದ್ದು. ಕಿವಿಗೆ ಹಾಗೂ ಕಣ್ಣಿಗೆ ರಕ್ಷಣೆ ಕಡ್ಡಾಯ.

ಈಗ ನಿಮ್ಮ ದೂರವನ್ನು ನೀವೇ ಕಂಡುಕೊಳ್ಳಬಹುದು. ಬಿಳಿಬಾಲದ ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶ ಸೇರಿ ಸುಮಾರು ಎಂಟು ಇಂಚು ಅಡ್ಡಗಲದ ಜಾಗ ಹಿಡಿಯುತ್ತವೆ. ಅಷ್ಟೇ ಅಗಲದ ಕಾಗದದ ತಟ್ಟೆಯನ್ನು ನಿಲ್ಲಿಸಿ, ಮರಳು ಚೀಲ ಬಿಟ್ಟು, ಬೇಟೆಯಲ್ಲಿ ಹೇಗೆ ಕೂರುವಿರೋ ಹಾಗೆ ಕೂತು, ದಪ್ಪ ಜಾಕೆಟ್ ಹಾಕಿಕೊಂಡೇ ಐದು ಈಡು ಹೊಡೆಯಿರಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ಕೊನೆಯ ದೂರವೇ ನಿಮ್ಮ ದೂರ. ಮಣಿಯ ಕೋವಿಯಲ್ಲಿ ಹೊಸಬರಿಗೆ ಅದು ಸಾಮಾನ್ಯವಾಗಿ ನಲವತ್ತು, ಹೆಚ್ಚೆಂದರೆ ಐವತ್ತು ಗಜಕ್ಕೆ ನಿಲ್ಲುತ್ತದೆ. ಒಳ್ಳೆಯ ಗುರಿಗಣ್ಣಿದ್ದರೆ ಎಪ್ಪತ್ತೈದು ಆದೀತು. ಐವತ್ತು ಗಜಕ್ಕೆ ಸರಿಮಾಡಿದ ರೈಫಲ್ಡ್ ಸ್ಲಗ್ ನೂರು ಗಜ ತಲುಪುವಷ್ಟರಲ್ಲಿ ನಾಲ್ಕೈದು ಇಂಚು ಕೆಳಗಿಳಿದಿರುತ್ತದೆ. ಹೀಗಾಗಿ ‘ಸ್ವಲ್ಪ ದೂರ ಇದೆ, ನೋಡೋಣ’ ಎಂಬ ಈಡು ಬಹುಪಾಲು ಮುಂಗಾಲಿಗೋ ಹೊಟ್ಟೆಗೋ ಬೀಳುತ್ತದೆ.

ದೂರ ಗೊತ್ತಾದ ಮೇಲೆ ಕೂರುವ ಜಾಗ ಹುಡುಕುವುದು ಸುಲಭ. ಮಲೆನಾಡಿನ ಹಳೆಯ ಶಿಕಾರಿಯವರು ‘ಮರಸು ಕೂರುವುದು’ ಎನ್ನುತ್ತಿದ್ದುದೇ ಇದು. ಅಕ್ಟೋಬರ್‌ನಲ್ಲಿ ಒಂದೆರಡು ಮಧ್ಯಾಹ್ನ ಕೋವಿಯಿಲ್ಲದೆ ಜಮೀನನ್ನು ಸುತ್ತಿ. ಜಿಂಕೆಗಳು ಹಗಲು ಮಲಗುವ ದಟ್ಟ ಪೊದೆಗೂ ಅವು ಮೇಯಲು ಬರುವ ಹೊಲಕ್ಕೂ ನಡುವೆ ತುಳಿದು ನುಣ್ಣಗಾದ ಜಾಡು ಇರುತ್ತದೆ. ಅದರಲ್ಲಿ ಹೆಜ್ಜೆ, ಹಿಕ್ಕೆ, ಎಳೆಯ ಮರಗಳ ತೊಗಟೆಯಲ್ಲಿ ಗಂಡು ಕೊಂಬು ಉಜ್ಜಿದ ಗಾಯ, ಗೊರಸಿನಿಂದ ಕೆರೆದ ನೆಲ ಕಾಣುತ್ತವೆ. ಎರಡು ಜಾಡು ಕೂಡುವ ಕಡೆ, ಇಲ್ಲವೇ ಬೇಲಿ ಕುಸಿದು ಜಿಂಕೆ ದಾಟುವ ಕಡೆ, ಜಾಡಿನಿಂದ ಮೂವತ್ತು ಗಜ ದೂರದಲ್ಲಿ, ಗಾಳಿ ಜಾಡಿನಿಂದ ನಿಮ್ಮ ಕಡೆಗೆ ಬೀಸುವಂತೆ ಕೂತುಕೊಳ್ಳಿ. ಜಿಂಕೆಯ ಕಣ್ಣಿಗೆ ಸಿಕ್ಕಿಬಿದ್ದವನಿಗೆ ಕ್ಷಮೆ ಇರಬಹುದು, ಮೂಗಿಗೆ ಸಿಕ್ಕಿಬಿದ್ದವನಿಗೆ ಇಲ್ಲ. ನವೆಂಬರ್ ನಡುವಿನಲ್ಲಿ ಬೆದೆಯ ಕಾಲ ಬಿರುಸಾಗಿರುವುದರಿಂದ ಗಂಡುಗಳು ನಡು ಹಗಲಿನಲ್ಲೂ ಓಡಾಡುತ್ತವೆ; ಉಳಿದಂತೆ ಬೆಳಗಿನ ಮತ್ತು ಸಂಜೆಯ ಮಬ್ಬು ಬೆಳಕೇ ಜಿಂಕೆಯ ಹೊತ್ತು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯ ನಂತರದವರೆಗೆ ಮಾತ್ರ ಹೊಡೆಯಲು ಅವಕಾಶ. ಮೇವು ಚೆಲ್ಲಿ ಜಿಂಕೆಯನ್ನು ಕರೆಯುವುದಕ್ಕೆ ಇಲಿನಾಯ್‌ನಲ್ಲಿ ನಿಷೇಧವಿದೆ. ವಾಸದ ಮನೆಯಿಂದ ಮುನ್ನೂರು ಗಜದೊಳಗೆ ಆ ಮನೆಯವರ ಅನುಮತಿ ಇಲ್ಲದೆ ಬೇಟೆಯಾಡುವಂತಿಲ್ಲ.

ಮರಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ಕೂರಿಸುತ್ತೇವೆಂದು ನಿಮ್ಮ ಸ್ನೇಹಿತರು ಹೇಳಿದರೆ, ಇಡೀ ಮೈಗೆ ಹಾಕುವ ಸುರಕ್ಷತಾ ಪಟ್ಟಿ ಇಲ್ಲದೆ ಹತ್ತಬೇಡಿ. ಜಿಂಕೆ ಬೇಟೆಯಲ್ಲಿ ಅಟ್ಟಣಿಗೆಯಿಂದ ಬಿದ್ದು ಕೈಕಾಲು, ಬೆನ್ನು ಮುರಿದುಕೊಳ್ಳುವುದು ತೀರ ಸಾಮಾನ್ಯವಾದ ಅವಘಡ. ಕೋವಿಯನ್ನು ಖಾಲಿ ಮಾಡಿ, ಹಗ್ಗಕ್ಕೆ ಕಟ್ಟಿ, ನೀವು ಮೇಲೆ ಕೂತು ಪಟ್ಟಿ ಬಿಗಿದುಕೊಂಡ ಬಳಿಕ ಎಳೆದುಕೊಳ್ಳಬೇಕು. ನನ್ನನ್ನು ಕೇಳಿದರೆ ಮೊದಲ ವರ್ಷ ನೆಲದ ಮೇಲೆ, ಬೆನ್ನಿಗೆ ದಪ್ಪ ಮರವೊಂದನ್ನು ಇಟ್ಟುಕೊಂಡು ಕೂರುವುದೇ ವಾಸಿ. ಕನಿಷ್ಠ 400 ಚದರ ಇಂಚಿನಷ್ಟು ಉಜ್ವಲ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಮೇಲಂಗಿ ಮತ್ತು ಟೋಪಿ ನಿಮ್ಮ ಮೈಮೇಲೆ ಇರಲೇಬೇಕು. ಆ ಕಿತ್ತಳೆ ಜಿಂಕೆಯ ಕಣ್ಣಿಗೆ ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ, ಆದರೆ ಮತ್ತೊಬ್ಬ ಬೇಟೆಗಾರನಿಗೆ ಕಾಣುತ್ತದೆ.

ಜಿಂಕೆ ಬಂದಾಗ ಏನಾಗುತ್ತದೆಂದು ಹೇಳುತ್ತೇನೆ. ಸದ್ದು ಕೇಳಿಸುವುದಿಲ್ಲ, ಅಳಿಲಿನ ಸದ್ದು ಜಿಂಕೆಯಂತೆ, ಜಿಂಕೆಯ ಸದ್ದು ಏನೂ ಇಲ್ಲದಂತೆ. ಬೂದು ಮರಗಳ ನಡುವೆ ಅಡ್ಡಗೆರೆಯೊಂದು ಕಾಣುತ್ತದೆ, ಅದು ಬೆನ್ನು ಎಂದು ತಿಳಿಯಲು ಕ್ಷಣ ಬೇಕು. ಎದೆ ಕಿವಿಯಲ್ಲಿ ಬಡಿಯುತ್ತದೆ. ಆಗ ಕೋವಿ ಎತ್ತಬೇಡಿ. ಜಿಂಕೆಯ ತಲೆ ಮರದ ಮರೆಗೆ ಹೋದಾಗ, ಇಲ್ಲವೇ ಮೇಯಲು ತಗ್ಗಿದಾಗ ಎತ್ತಿ. ಅದು ನಿಮಗೆ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ಅಡ್ಡಲಾಗಿದ್ದರೆ ಮುಂಗಾಲಿನ ಹಿಂದಿನ ಅಂಚಿಗೆ, ಎದೆಯ ಕೆಳಗೆರೆಯಿಂದ ಮೂರನೇ ಒಂದು ಭಾಗ ಮೇಲೆ ಗುರಿ. ಆಚೆಗೆ ತಿರುಗಿದ್ದರೆ, ಗುಂಡು ಆಚೆ ಬದಿಯ ಮುಂಗಾಲಿನತ್ತ ಹೊರಬರುವಂತೆ ಕಲ್ಪಿಸಿಕೊಂಡು ಅದಕ್ಕೆ ತಕ್ಕ ಕಡೆ ಗುರಿ. ಎದುರು ಮುಖ, ಹಿಂಭಾಗ, ಓಡುವ ಜಿಂಕೆ, ಕುತ್ತಿಗೆ, ತಲೆ ಇವು ಯಾವುವೂ ನಿಮಗಲ್ಲ.

ಹೊಡೆದೊಡನೆ ಮತ್ತೊಂದು ತೋಟಾ ಎಳೆದು, ಜಿಂಕೆ ಎಲ್ಲಿ ನಿಂತಿತ್ತು, ಕೊನೆಗೆ ಯಾವ ಮರದ ಬಳಿ ಕಂಡಿತು ಎಂಬೆರಡನ್ನು ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಿ. ಹೃದಯಕ್ಕೋ ಶ್ವಾಸಕೋಶಕ್ಕೋ ಬಿದ್ದ ಜಿಂಕೆ ಹಿಂಗಾಲು ಒದ್ದು, ತಗ್ಗಿ, ರಭಸದಿಂದ ಓಡಿ ನೂರು ಗಜದ ಆಸುಪಾಸಿನಲ್ಲಿ ಬೀಳುವುದು ಸಾಮಾನ್ಯ. ಬೆನ್ನು ಗೂನು ಮಾಡಿ ನಿಧಾನ ನಡೆದು ಹೋದರೆ ಹೊಟ್ಟೆಗೆ ಬಿದ್ದಿದೆ. ಎರಡರಲ್ಲೂ ಎದ್ದು ಓಡಬೇಡಿ. ಅರ್ಧ ಗಂಟೆ ಕೂತಿರಿ. ಆಮೇಲೆ ನಿಂತಿದ್ದ ಜಾಗ ನೋಡಿ: ನೊರೆ ಬೆರೆತ ತಿಳಿ ಕೆಂಪು ರಕ್ತ ಶ್ವಾಸಕೋಶದ್ದು, ಕಪ್ಪು ಕೆಂಪು ಪಿತ್ತಜನಕಾಂಗದ್ದಿರಬಹುದು, ಹಸಿರು ಬೆರೆತು ಮೇವಿನ ವಾಸನೆ ಬಂದರೆ ಹೊಟ್ಟೆಯದು. ಹೊಟ್ಟೆಯದಾದರೆ ಆರೆಂಟು ಗಂಟೆ ಬಿಟ್ಟು, ಅನುಭವಿಗಳನ್ನು ಕರೆದುಕೊಂಡೇ ಹುಡುಕಬೇಕು. ಬೇಗ ಹೋಗಿ ಎಬ್ಬಿಸಿದರೆ ಮೈಲಿಗಟ್ಟಲೆ ಹೋಗುತ್ತದೆ. ಜಾಡು ಪಕ್ಕದವರ ಜಮೀನು ಹೊಕ್ಕರೆ ಅವರ ಅನುಮತಿ ಕೇಳಿಯೇ ಮುಂದೆ.

ಸತ್ತ ಜಿಂಕೆಗೆ ಅಲ್ಲಿಯೇ ಟ್ಯಾಗ್ ಕಟ್ಟಬೇಕು, ಅದೇ ದಿನ ರಾತ್ರಿ ಹತ್ತು ಗಂಟೆಯೊಳಗೆ ಫೋನಿನಲ್ಲೋ ಆನ್‌ಲೈನಿನಲ್ಲೋ ಇಲಾಖೆಗೆ ವರದಿ ಮಾಡಬೇಕು. ಕರುಳು ತೆಗೆಯುವುದನ್ನು ಓದಿ ಕಲಿಯಲಾಗದು, ನಿಮ್ಮ ಸಹೋದ್ಯೋಗಿ ಮಾಡುವಾಗ ಪಕ್ಕದಲ್ಲಿ ಕಾಲು ಹಿಡಿದು ನಿಂತು ನೋಡಿ. ಕೈಗವಸು ಹಾಕಿಕೊಳ್ಳಿ, ಮೂತ್ರಕೋಶವೂ ಹೊಟ್ಟೆಯೂ ಒಡೆಯದಂತೆ ನೋಡಿಕೊಳ್ಳಿ, ಮಾಂಸ ಬೇಗ ತಣ್ಣಗಾಗಲಿ. ಒಂದು ವಿಷಯ ಗಮನದಲ್ಲಿರಲಿ. ಜಿಂಕೆಗಳಲ್ಲಿ ಮಿದುಳನ್ನು ಕೊರೆಯುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ರೋಗವಿದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ ಇದು 2002ರಲ್ಲಿ ಇಲಿನಾಯ್‌ನಲ್ಲೂ ಪತ್ತೆಯಾಯಿತು, ರಾಜ್ಯದ ಉತ್ತರ ಭಾಗದಲ್ಲಿ ಹೆಚ್ಚು. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಬೇಯಿಸಿದರೆ ಸಾಯುವಂಥದ್ದಲ್ಲ. ಮನುಷ್ಯರಿಗೆ ಇದು ಹರಡಿದ ಪ್ರಕರಣ ದೃಢಪಟ್ಟಿಲ್ಲವಾದರೂ, ರೋಗವಿರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆಗೆ ಕೊಟ್ಟು, ಸೋಂಕು ಕಂಡರೆ ಮಾಂಸ ತಿನ್ನಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಲಹೆ ಕೊಡುತ್ತದೆ. ಮಿದುಳು, ಬೆನ್ನುಹುರಿಯ ಕಡೆ ಚಾಕು ಹಾಯಿಸದೆ ಮೂಳೆಯಿಂದ ಮಾಂಸವನ್ನಷ್ಟೇ ಬಿಡಿಸಿಕೊಳ್ಳುವುದು ಒಳ್ಳೆಯ ರೂಢಿ.

ಇನ್ನು ಈ ವರ್ಷವೇ ಹೋಗಬಹುದೇ ಎಂಬ ಪ್ರಶ್ನೆ. ಅಕ್ಟೋಬರ್ ಮುಗಿಯುವುದರೊಳಗೆ ತರಬೇತಿ, ಪರವಾನಗಿ, ಫಾಯ್ಡ್ ಕಾರ್ಡ್, ಪರ್ಮಿಟ್ ನಾಲ್ಕೂ ಕೈಸೇರಿ, ನಲವತ್ತು ಗಜದ ತಟ್ಟೆಯೊಳಗೆ ಐದಕ್ಕೆ ಐದು ಗುಂಡು ಬೀಳುವಂತಾದರೆ ಧಾರಾಳವಾಗಿ ಹೋಗಿ, ಹೆಣ್ಣು ಜಿಂಕೆಯ ಪರ್ಮಿಟ್ಟೇ ಸಿಕ್ಕರೂ ಸಂತೋಷದಿಂದ ತೆಗೆದುಕೊಳ್ಳಿ. ನಾಲ್ಕು ಬಿದ್ದು ಒಂದು ಹೊರಗೆ ಹೋದರೆ ಮೂವತ್ತು ಗಜಕ್ಕೆ ಇಳಿಸಿ ನೋಡಿ. ಕಾಗದಗಳಲ್ಲಿ ಒಂದೇ ಒಂದು ಬಾಕಿ ಉಳಿದರೂ ಕೋವಿಯನ್ನು ಮುಟ್ಟಬೇಡಿ. ಕಿತ್ತಳೆ ಟೋಪಿ ಹಾಕಿಕೊಂಡು, ಒಂದು ದುರ್ಬೀನು ಹಿಡಿದು, ಸಹೋದ್ಯೋಗಿಯ ಪಕ್ಕದಲ್ಲಿ ಆ ಮೂರು ದಿನ ಕೂತು ಬನ್ನಿ. ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ, ಜಿಂಕೆ ಬೇಲಿಯನ್ನು ಎಲ್ಲಿ ದಾಟುತ್ತದೆ, ಆ ಜಾಗ ನೀವು ಕೂತಲ್ಲಿಂದ ಎಷ್ಟು ಗಜ ಎಂದು ಬರೆದಿಟ್ಟುಕೊಂಡರೆ ಮುಂದಿನ ನವೆಂಬರ್‌ನಲ್ಲಿ ನೀವು ಕೂರಬೇಕಾದ ಮರ ಯಾವುದೆಂದು ಗೊತ್ತಿರುತ್ತದೆ.